ಖುಲ್ ಜಾ ಸಿಮ್ ಸಿಮ್: ಅಲಿಬಾಬಾನ ಗುಹೆ ಹುಡುಕಿಕೊಂಡು ಉಜ್ಬೇಕಿಸ್ತಾನಕ್ಕೆ

ಚಿತ್ರದುರ್ಗದಲ್ಲಿ ಹುಟ್ಟಿದವರಿಗೆ ಬಂಡೆಗಳ ಬರ ಯಾವತ್ತೂ ಇಲ್ಲ. ನಾನು ಎಂಟು ವರ್ಷದವನಿದ್ದಾಗ ಊರಿನ ಟಾಕೀಸಿಗೆ ‘ಅಲಿಬಾಬಾ ಔರ್ 40 ಚೋರ್’ ಬಂತು. ಧರ್ಮೇಂದ್ರ, ಹೇಮಾಮಾಲಿನಿ, ಜೀನತ್ ಅಮಾನ್. ಹಿಂದಿ ನಮಗೆ ಅರ್ಧಂಬರ್ಧ. ಆದರೆ ‘ಖುಲ್ ಜಾ ಸಿಮ್ ಸಿಮ್’ ಅಂದ ಕೂಡಲೇ ಕಲ್ಲು ಸರಿದು ಗುಹೆ ಬಾಯಿ ಬಿಡುವುದನ್ನು ನೋಡಲು ಯಾವ ಭಾಷೆ ಬೇಕು? ಮಾರನೇ ದಿನದಿಂದ ಒಂದು ತಿಂಗಳು ನಮ್ಮ ಗುಂಪಿಗೆ ಅದೇ ಆಟ. ಕೋಟೆಯೊಳಗೆ ಸಿಕ್ಕ ಸಿಕ್ಕ ಬಂಡೆಯ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗುವುದು. ಓಬವ್ವನ ಕಿಂಡಿಯಲ್ಲಿ ತೂರಿ ಬರುವವನು ಕಳ್ಳ, ಮೇಲೆ ಕೋಲು ಹಿಡಿದು ಕಾಯುವವನು ಅಲಿಬಾಬಾ. ಎರಡು ಕಥೆ ಕಲಸಿ ಹೋಗಿತ್ತು, ಆದರೆ ಆಟ ಚೆನ್ನಾಗಿತ್ತು. ಬಂಡೆ ಮಾತ್ರ ಒಂದೂ ಅಲ್ಲಾಡಲಿಲ್ಲ.

ಆ ಆಟದಲ್ಲಿ ಯಾವಾಗಲೂ ಕಳ್ಳನಾಗುತ್ತಿದ್ದ ನನ್ನ ಗೆಳೆಯ ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ. ಈಗ ಊರಿಗೆಲ್ಲ ಅವನು ‘ಮೇಷ್ಟ್ರು’, ನನಗೂ ಅದೇ ಬಾಯಿಗೆ ಬಂದಿದೆ. ಒಂದು ರಾತ್ರಿ ಇಬ್ಬರೂ ಕೂತು ಆ ಸಿನಿಮಾ ಮತ್ತೆ ನೋಡಿದೆವು. ಅದು ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಮಾಡಿದ್ದು, ನಮ್ಮ ಕಡೆಯಿಂದ ಉಮೇಶ್ ಮೆಹ್ರಾ, ಅವರ ಕಡೆಯಿಂದ ಲತೀಫ್ ಫೈಜಿಯೆವ್ ನಿರ್ದೇಶಕರು, ಜೊತೆಗಿದ್ದದ್ದು ತಾಷ್ಕೆಂಟಿನ ಉಜ್ಬೆಕ್‌ಫಿಲ್ಮ್ ಸ್ಟುಡಿಯೋ. ಇದೆಲ್ಲ ತಿಳಿದದ್ದು ಆಗಲೇ. ‘ಹಾಗಾದ್ರೆ ಆ ಗುಹೆ ಅಲ್ಲೆಲ್ಲೋ ಇರಬೇಕು’ ಎಂದೆ ನಾನು. ‘ಸೆಟ್ ಹಾಕಿರ್ತಾರೆ ಕಣೋ’ ಎಂದ ಮೇಷ್ಟ್ರು. ಜಗಳ ಬಗೆಹರಿಯಲಿಲ್ಲ. 20 ಡಾಲರ್ ಕಟ್ಟಿ ಇ-ವೀಸಾ ಮಾಡಿಸಿಕೊಂಡು ಸೆಪ್ಟೆಂಬರ್ ಕೊನೆಯ ವಾರ ಹೊರಟೇಬಿಟ್ಟೆವು.

ಮೊದಲನೇ ದಿನ: ತಾಷ್ಕೆಂಟ್

ದೆಹಲಿಯಿಂದ ತಾಷ್ಕೆಂಟಿಗೆ ಮೂರು ಗಂಟೆ ಹಾರಾಟ. ಬೆಂಗಳೂರಿನಿಂದ ದೆಹಲಿಗೆ ಬಂದಷ್ಟೇ ದೂರ ಅನ್ನಿಸಿತು. ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದರೆ ಆಯಿತು.

ನಿಧಿ ಮೊದಲ ದಿನವೇ ಸಿಕ್ಕಿತು! ನಾವು ಹೋದಾಗ ಇಲ್ಲಿ ಒಂದು ಡಾಲರಿಗೆ ಸುಮಾರು 12 ಸಾವಿರ ಸೋಮ್. 200 ಡಾಲರ್ ಕೊಟ್ಟು ಇಬ್ಬರೂ ಒಮ್ಮೆಲೇ ಲಕ್ಷಾಧಿಪತಿಗಳಾದೆವು. ಮೇಷ್ಟ್ರು ನೋಟಿನ ಕಂತೆಯನ್ನು ಮೂರು ಜೇಬಿಗೆ ಹಂಚಿಕೊಂಡ. ಸಂಜೆ ಒಂದು ಕಲ್ಲಂಗಡಿ, ಎರಡು ಚಹಾ, ಒಂದು ಊಟ ಮುಗಿಸುವಷ್ಟರಲ್ಲಿ ಒಂದು ಜೇಬು ಖಾಲಿ.

ತಾಷ್ಕೆಂಟ್ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಶಾಸ್ತ್ರೀಜಿ. 1966ರ ಜನವರಿ 10ರಂದು ಪಾಕಿಸ್ತಾನದ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವರು ಆ ರಾತ್ರಿ ಕಳೆಯುವ ಮುಂಚೆ ಹೋಗಿಬಿಟ್ಟರು. ಇಲ್ಲಿ ಅವರ ಹೆಸರಿನ ಬೀದಿ ಇದೆ, ಅವರ ಪ್ರತಿಮೆ ಇದೆ. ಹೋಗಿ ಕೈಮುಗಿದು ಬಂದೆವು. ಅದೇ ವರ್ಷ ಏಪ್ರಿಲ್ 26ರಂದು ಭೂಕಂಪವಾಗಿ ಹಳೆಯ ತಾಷ್ಕೆಂಟಿನ ಮಣ್ಣಿನ ಮನೆಗಳು ನೆಲಕ್ಕೆ ಕೂತವು. ಹಾಗಾಗಿ ಈಗಿನ ಊರು ಅಗಲ ರಸ್ತೆ, ಸಾಲು ಮರ, ಸೋವಿಯತ್ ಕಾಲದ ದೊಡ್ಡ ದೊಡ್ಡ ಕಟ್ಟಡ. ಅಲಿಬಾಬಾ ಕತ್ತೆ ಹೊಡೆದುಕೊಂಡು ಹೋಗುವಂಥ ಗಲ್ಲಿಯನ್ನು ಹುಡುಕಬೇಕು.

ನಿಜವಾದ ಗುಹೆ ನೆಲದ ಕೆಳಗಿದೆ. 1977ರಲ್ಲಿ ಶುರುವಾದ ಮೆಟ್ರೋ, ಮಧ್ಯ ಏಷ್ಯಾಕ್ಕೇ ಮೊದಲನೆಯದು. ಒಂದೊಂದು ನಿಲ್ದಾಣವೂ ಒಂದೊಂದು ಅರಮನೆ. ಕೋಸ್ಮೋನಾವ್ಟ್‌ಲಾರ್ ನಿಲ್ದಾಣದ ನೀಲಿ ಗೋಡೆಯ ಮೇಲೆ ಬಾಹ್ಯಾಕಾಶಕ್ಕೆ ಹೋದ ಗಗಾರಿನ್, ತೆರೆಷ್ಕೋವಾ ಇದ್ದಾರೆ. ಅಲಿಶೇರ್ ನವೋಯಿ ನಿಲ್ದಾಣದ ಛಾವಣಿಯಲ್ಲಿ ಸಾಲು ಗುಮ್ಮಟ. 2018ರವರೆಗೆ ಇಲ್ಲಿ ಫೋಟೋ ತೆಗೆಯುವ ಹಾಗೇ ಇರಲಿಲ್ಲ. ಬಾಂಬ್ ಬಿದ್ದರೆ ಅಡಗುವ ಜಾಗವೂ ಇದೇ ಆಗಿದ್ದರಿಂದ ಗುಟ್ಟು ಕಾಯುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಮೊಬೈಲು. ನಾವೂ ಸುಮ್ನೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದೆವು.

ಎರಡನೇ ದಿನ: ಚೋರ್ಸು ಬಜಾರು, ಒಂದು ಟ್ಯಾಕ್ಸಿ

ಚೋರ್ಸು ಬಜಾರಿನ ದೊಡ್ಡ ನೀಲಿ ಗುಮ್ಮಟದ ಕೆಳಗೆ ನಿಂತು ಕಿವಿ ಕೊಟ್ಟರೆ ಅರ್ಧ ಭಾಷೆ ನಮ್ಮದೇ. ಅಂಗಡಿಗೆ ‘ದೋಕಾನ್’. ಮಾದರಿಗೆ ‘ನಮುನಾ’, ನಮ್ಮ ನಮೂನೆ. ಸಿದ್ಧ ಅನ್ನಲು ‘ತಯ್ಯೋರ್’, ನಮ್ಮ ತಯಾರು. ಉತ್ತರಕ್ಕೆ ‘ಜವೋಬ್’. ಮೇಷ್ಟ್ರು ಮಕ್ಕಳ ಹಾಗೆ ಪಟ್ಟಿ ಬರೆದುಕೊಳ್ಳುತ್ತಾ ಹೋದ. ಪಾರ್ಸಿ ಮಾತು ದಕ್ಷಿಣಕ್ಕೆ ನಮ್ಮ ಬಿಜಾಪುರದವರೆಗೂ ಇಳಿದಿತ್ತು, ಉತ್ತರಕ್ಕೆ ಇಲ್ಲಿಯವರೆಗೂ ಹತ್ತಿತ್ತು. ಇವತ್ತಿನ ನಮ್ಮ ಕೆಲಸಕ್ಕೆ ಬೇಕಾದ ಪದವನ್ನೂ ಕೇಳಿ ಇಟ್ಟುಕೊಂಡೆವು. ನಿಧಿಗೆ ಉಜ್ಬೆಕ್ ಭಾಷೆಯಲ್ಲಿ ‘ಖಜೀನಾ’. ಖಜಾನೆ!

ಬಜಾರಿನಿಂದ ಹಿಡಿದ ಟ್ಯಾಕ್ಸಿಯ ಅಜ್ಜನಿಗೆ ಅರವತ್ತು ದಾಟಿತ್ತು. ‘ಹಿಂದಿಸ್ತಾನ್?’ ಎಂದು ಕೇಳಿದವನೇ ಎರಡೂ ಕೈ ಸ್ಟೀರಿಂಗಿನಿಂದ ತೆಗೆದು ಎದೆಗೆ ಒತ್ತಿಕೊಂಡ. ರಾಜ್ ಕಪೂರ್, ಮಿಥುನ್, ಹೇಮಾಮಾಲಿನಿ ಎಂದು ಒಂದೊಂದೇ ಹೆಸರು. ಮೊಬೈಲಿನ ಅನುವಾದದ ಆ್ಯಪ್ ಹಿಡಿದು ‘ಅಲಿಬಾಬಾ ನೋಡಿದ್ದೀರಾ?’ ಎಂದು ಕೇಳಿದೆ. ಅಜ್ಜ ನಕ್ಕ. ಶಾಲೆ ಬಿಟ್ಟು ನಾಲ್ಕು ಸಲ ನೋಡಿದ್ದನಂತೆ. ಟಿಕೆಟ್ಟಿಗೆ ಸಾಲು ಎಷ್ಟು ಉದ್ದ ಇತ್ತು ಎಂದು ತೋರಿಸಲು ಇಡೀ ಬೀದಿಯ ಕಡೆ ಕೈ ಬೀಸಿದ.

ಅವನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಸೋವಿಯತ್ ಒಕ್ಕೂಟದಲ್ಲಿ ಈ ಸಿನಿಮಾಕ್ಕೆ ಐದು ಕೋಟಿಗೂ ಹೆಚ್ಚು ಟಿಕೆಟ್ ಹರಿದವು. ನಮ್ಮಲ್ಲಿ ಅದು 1980ರಲ್ಲಿ ಬಂತು. ಧರ್ಮೇಂದ್ರನ ಹತ್ತಾರು ಸಿನಿಮಾಗಳಲ್ಲಿ ಅದೂ ಒಂದು, ಅಷ್ಟೇ. ಅಲ್ಲಿ ಅದು ಬೇರೆಯದೇ ಮಾತು. ಕಾರಣವೂ ಇದೆ. ಕಳ್ಳರ ನಾಯಕ ಅಬು ಹಸನ್ ಆಗಿದ್ದವನು ರಷ್ಯಾದ ದೊಡ್ಡ ನಟ ರೋಲಾನ್ ಬಿಕೋವ್. ಅಲಿಬಾಬಾನ ಅಪ್ಪ ಅರ್ಮೇನಿಯಾದ ಫ್ರುಂಜಿಕ್ ಮ್ಕರ್ತಚ್ಯಾನ್, ಅಮ್ಮ ಜಾರ್ಜಿಯಾದ ಸೋಫಿಕೋ ಚಿಯಾವುರೆಲಿ. ಜೊತೆಗೆ ಉಜ್ಬೆಕ್ ನಟರು, ಸಂಗೀತಕ್ಕೆ ನಮ್ಮ ಆರ್.ಡಿ. ಬರ್ಮನ್. ಒಂದೇ ಮನೆಯಲ್ಲಿ ಅರ್ಮೇನಿಯಾದ ಅಪ್ಪ, ಜಾರ್ಜಿಯಾದ ಅಮ್ಮ, ಪಂಜಾಬಿನ ಮಗ! ಎಂಟು ವರ್ಷದ ನನಗೆ ಇದರಲ್ಲಿ ಏನೂ ಎಡವಟ್ಟು ಕಂಡಿರಲಿಲ್ಲ. ಈಗಲೂ ಕಾಣುವುದಿಲ್ಲ, ನಿಜ ಹೇಳಬೇಕೆಂದರೆ.

‘ಆ ಗುಹೆ ಎಲ್ಲಿದೆ?’ ಎಂದು ಕೇಳಿದೆ. ಅಜ್ಜ ಖಂಡಿತವಾಗಿ ಹೇಳಿದ: ‘ಸಮರ್‌ಕಂದ್.’

ಮೂರನೇ ದಿನ: ಸಮರ್‌ಕಂದ್

ಅಫ್ರೋಸಿಯೋಬ್ ಎಂಬ ವೇಗದ ರೈಲು ತಾಷ್ಕೆಂಟಿನಿಂದ ಸಮರ್‌ಕಂದಿಗೆ ಎರಡು ಗಂಟೆ ಚಿಲ್ಲರೆಯಲ್ಲಿ ಹೋಗುತ್ತದೆ. ನಾವು ಟಿಕೆಟ್ ತೆಗೆಯುವುದನ್ನು ಇವತ್ತು ನಾಳೆ ಎಂದು ಮುಂದೂಡಿ ಕೆಟ್ಟೆವು, ಎಲ್ಲ ಭರ್ತಿ. ನಿಧಾನದ ರೈಲೇ ಗತಿ. ನಷ್ಟವೇನಾಗಲಿಲ್ಲ. ಎದುರು ಕೂತ ಹೆಂಗಸು ಬಟ್ಟೆ ಬಿಚ್ಚಿ ರೊಟ್ಟಿ, ದ್ರಾಕ್ಷಿ, ಬೇಯಿಸಿದ ಮೊಟ್ಟೆ ಹರಡಿದರು. ಮೊಟ್ಟೆ ತಿನ್ನದ ಮೇಷ್ಟ್ರಿಗೆ ದ್ರಾಕ್ಷಿಯ ಪಾಲು ಜಾಸ್ತಿ ಬಂತು.

ರೆಗಿಸ್ತಾನ್ ಚೌಕದಲ್ಲಿ ಮೂರು ಮದರಸಾಗಳು ಮೂರು ಕಡೆ ನಿಂತಿವೆ. ಎಡಕ್ಕೆ ತೈಮೂರನ ಮೊಮ್ಮಗ ಉಲುಗ್ ಬೇಗ್ ಕಟ್ಟಿಸಿದ್ದು, 1420ರಲ್ಲಿ ಮುಗಿದದ್ದು. ಬಲಕ್ಕೆ ಶೇರ್ ದೋರ್, ಅದರ ಬಾಗಿಲ ಮೇಲೆ ಜಿಂಕೆ ಅಟ್ಟಿಸಿಕೊಂಡು ಹೋಗುವ ಹುಲಿ, ಹುಲಿಯ ಬೆನ್ನ ಮೇಲೆ ಮನುಷ್ಯ ಮುಖದ ಸೂರ್ಯ. ನಡುವಿನದ್ದು ತಿಲ್ಲಾಕಾರಿ. ಹೆಸರಿಗೇ ‘ಚಿನ್ನದ ಕೆಲಸ’ ಎಂಬ ಅರ್ಥ. ಹೊರಗಿನಿಂದ ಉಳಿದೆರಡರ ಹಾಗೇ. ಒಳಗಿನ ಮಸೀದಿಗೆ ಕಾಲಿಟ್ಟ ಕೂಡಲೇ ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತೆವು. ನೀಲಿಯ ಮೇಲೆ ಚಿನ್ನ, ಚಿನ್ನದ ಮೇಲೆ ಚಿನ್ನ. ಎಲೆ, ಬಳ್ಳಿ, ಅಕ್ಷರ ಎಲ್ಲ ಗೋಡೆಯಿಂದ ಸ್ವಲ್ಪ ಉಬ್ಬಿಕೊಂಡಿವೆ. ತಲೆ ಎತ್ತಿದರೆ ಎತ್ತರದ ಗುಮ್ಮಟ.

‘ಅದು ಗುಮ್ಮಟ ಅಲ್ಲ’ ಎಂದ ಮೇಷ್ಟ್ರು. ಎಲ್ಲೋ ಓದಿಕೊಂಡು ಬಂದಿದ್ದ. ಸರಿಯಾಗಿ ನೋಡಿದರೆ ಹೌದು, ಸಪಾಟು ಛಾವಣಿ. ಚಿತ್ತಾರದ ಎಲೆಗಳನ್ನು ನಡುವಿಗೆ ಹೋದಂತೆ ಚಿಕ್ಕದು ಮಾಡಿ ಬರೆದು ಕಣ್ಣಿಗೆ ಗುಮ್ಮಟದ ಭ್ರಮೆ ಹುಟ್ಟಿಸಿದ್ದಾರೆ. 1660ರ ಹೊತ್ತಿನ ಸ್ಪೆಷಲ್ ಎಫೆಕ್ಟ್! ಸಿನಿಮಾದಲ್ಲಿ ಗುಹೆಯೊಳಗಿನ ನಿಧಿ ತೋರಿಸುವಾಗ ಬಣ್ಣದ ಗಾಜು, ಹಿತ್ತಾಳೆ ತಟ್ಟೆಗಳನ್ನು ರಾಶಿ ಹಾಕಿದ್ದು ಈಗ ನೋಡಿದರೆ ಗೊತ್ತಾಗುತ್ತದೆ. ಅಷ್ಟೆಲ್ಲ ಕಷ್ಟಪಡುವ ಬದಲು ಇಲ್ಲೇ ಕ್ಯಾಮೆರಾ ಇಡಬಹುದಿತ್ತು.

ಗುಹೆಯ ವಿಚಾರ ಕೇಳಿದಾಗ ಚೌಕದ ಗೈಡ್ ಹುಡುಗಿ ತಲೆ ಅಲ್ಲಾಡಿಸಿದಳು. ‘ಸಮರ್‌ಕಂದ್ ಅಲ್ಲ, ಬುಖಾರಾ. ನಮ್ಮಜ್ಜಿ ಹೇಳ್ತಾರೆ.’

ನಾಲ್ಕನೇ ದಿನ: ಸಮಾಧಿ, ಆನೆ, ರೊಟ್ಟಿ, ಕಾಗದ

ಬೆಳಿಗ್ಗೆ ಗೂರ್ ಎಮೀರ್. ತೈಮೂರನ ಸಮಾಧಿ. ಪಟ್ಟೆ ಪಟ್ಟೆಯ ನೀಲಿ ಗುಮ್ಮಟ, ಒಳಗೆ ಕಪ್ಪು ಹಸಿರಿನ ಒಂದೇ ದೊಡ್ಡ ಜೇಡ್ ಕಲ್ಲು. ಈ ಕಲ್ಲನ್ನು 1740ರಲ್ಲಿ ನಾದಿರ್ ಶಾ ಹೊತ್ತುಕೊಂಡು ಹೋಗಿ, ಮತ್ತೆ ವಾಪಸ್ ಕಳಿಸಿದ. ನಿಧಿ ಸಿನಿಮಾಗಳಲ್ಲಿ ಬರುವ ಶಾಪದ ಕಥೆಯೂ ಇಲ್ಲೇ ಇದೆ. 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೋವ್ ಸಮಾಧಿ ತೆರೆದರು. ಎಲುಬು ಪರೀಕ್ಷಿಸಿದಾಗ ತೈಮೂರ್ ನಿಜವಾಗಿಯೂ ಕುಂಟನಾಗಿದ್ದ ಎಂದು ತಿಳಿಯಿತು. ತಲೆಬುರುಡೆಯಿಂದ ಅವನ ಮುಖವನ್ನೂ ಮಾಡಿದರು. ತೆರೆದ ಎರಡು ಮೂರು ದಿನಕ್ಕೆ, ಜೂನ್ 22ರಂದು, ಹಿಟ್ಲರ್ ಸೋವಿಯತ್ ಮೇಲೆ ಬಿದ್ದ. ‘ನನ್ನ ನಿದ್ದೆ ಕೆಡಿಸಿದವರ ಮೇಲೆ ಯುದ್ಧ ಬರಲಿ’ ಎಂದು ತೈಮೂರ್ ಶಪಿಸಿದ್ದ ಎಂಬ ಮಾತು ಇಲ್ಲಿ ಪ್ರತಿಯೊಬ್ಬ ಗೈಡ್ ಬಾಯಲ್ಲೂ ಇದೆ.

‘ಹಿಟ್ಲರ್ ಆ ಆದೇಶಕ್ಕೆ ಸಹಿ ಹಾಕಿದ್ದು 1940ರ ಡಿಸೆಂಬರ್‌ನಲ್ಲಿ’ ಎಂದ ಮೇಷ್ಟ್ರು. ಇಂಥವನ ಜೊತೆ ಪ್ರವಾಸ ಹೋಗಬಾರದು.

ಆದರೆ ಬೀಬಿ ಖಾನಿಮ್ ಮಸೀದಿಯ ಮುಂದೆ ಅವನೂ ಸುಮ್ಮನಾದ. ತೈಮೂರ್ 1398ರಲ್ಲಿ ದೆಹಲಿಯನ್ನು ಕೊಳ್ಳೆ ಹೊಡೆದ. ಮರುವರ್ಷ ಊರಿಗೆ ಬಂದು ಇದನ್ನು ಕಟ್ಟಲು ಶುರು ಮಾಡಿದ. ದೆಹಲಿಯಿಂದ ಹೊಡೆದುಕೊಂಡು ಬಂದ ಆನೆಗಳು ಇಲ್ಲಿ ಕಲ್ಲು ಎಳೆದವು, ಹಿಡಿದು ತಂದ ಕಲ್ಲುಕುಟಿಗರು ಕಲ್ಲು ಕಡಿದರು ಎಂದು ಹಳೆಯ ಬರಹಗಳಲ್ಲಿ ಇದೆ. ನಾನು ಬಾಗಿಲಿನ ಎತ್ತರ ನೋಡುತ್ತಾ ನಿಂತೆ. ಚಿಕ್ಕಂದಿನಲ್ಲಿ ಕಳ್ಳರ ಗುಹೆ ನೋಡಿ ‘ಇಷ್ಟೊಂದು ಬಂಗಾರ ಎಲ್ಲಿಂದ ಬಂತು?’ ಎಂದು ಯೋಚಿಸಿದ್ದೇ ಇಲ್ಲ. ಕದ್ದದ್ದು ಅಂದರೆ ಯಾರದೋ ಮನೆಯದು. ಇಲ್ಲಿ ಆ ಮನೆ ಎಲ್ಲಿತ್ತು ಎಂದು ಗೊತ್ತು. ಆತುರಕ್ಕೆ ಕಟ್ಟಿದ ಕಟ್ಟಡ ಬೇಗ ಬಿರುಕು ಬಿಟ್ಟಿತಂತೆ. ಈಗ ಕಾಣುವುದರಲ್ಲಿ ಬಹುಪಾಲು ಮತ್ತೆ ಕಟ್ಟಿದ್ದು.

ಪಕ್ಕದಲ್ಲೇ ಸಿಯೋಬ್ ಬಜಾರು. ಸಮರ್‌ಕಂದಿನ ರೊಟ್ಟಿ ದಪ್ಪ, ಭಾರ, ಮೇಲೆ ಎಣ್ಣೆ ಹಚ್ಚಿದ ಹಾಗೆ ಹೊಳಪು. ನಡುವೆ ಮುಳ್ಳಚ್ಚು ಒತ್ತಿ ಚಿತ್ತಾರ ಮಾಡಿರುತ್ತಾರೆ. ಒಂದು ಕಥೆ ಕೇಳಿದೆವು. ಬುಖಾರಾದ ದೊರೆಗೆ ಈ ರೊಟ್ಟಿ ಬೇಕಾಯಿತು. ಸಮರ್‌ಕಂದಿನ ಭಟ್ಟನನ್ನೇ ಕರೆಸಿದ. ರುಚಿ ಬರಲಿಲ್ಲ. ಅಲ್ಲಿನ ಹಿಟ್ಟು ತರಿಸಿದ, ನೀರು ತರಿಸಿದ. ಊಹೂಂ. ಕೊನೆಗೆ ಭಟ್ಟ ಹೇಳಿದ: ‘ಸಮರ್‌ಕಂದಿನ ಗಾಳಿ ಒಂದು ಬಾಕಿ ಇದೆ.’

ರೊಟ್ಟಿಯ ಮೇಲೆ ಬಿಳಿ ಕಾಳು ಉದುರಿಸಿದ್ದರು. ಮೇಷ್ಟ್ರು ಒಂದನ್ನು ಉಗುರಲ್ಲಿ ಕಿತ್ತು ಕಣ್ಣ ಹತ್ತಿರ ಹಿಡಿದ. ಎಳ್ಳು. ಮಾರುವವಳು ‘ಕುಂಜುತ್’ ಎಂದಳು. ಆಗ ಅವನ ಮುಖದಲ್ಲಿ ಒಂದು ನಗು ಬಂತು. ‘ಸಿಮ್ ಸಿಮ್ ಅಂದ್ರೆ ಅರಬ್ಬಿಯಲ್ಲಿ ಏನು ಗೊತ್ತಾ? ಇದೇ. ಎಳ್ಳು.’

ನಲವತ್ತು ವರ್ಷದ ಮೇಲೆ ಆ ಮಂತ್ರದ ಅರ್ಥ ತಿಳಿಯಿತು. ಎಳ್ಳೇ, ಬಾಗಿಲು ತೆಗಿ. ಅಷ್ಟೇನಾ? ಎಳ್ಳಿನ ಕಾಯಿ ಒಣಗಿದ ಮೇಲೆ ತನ್ನಷ್ಟಕ್ಕೇ ಬಾಯಿ ಬಿಡುತ್ತದೆ, ಅದಕ್ಕೇ ಹಾಗಂದಿರಬೇಕು ಎಂದು ಅವನ ಊಹೆ. ನಮ್ಮ ಬಯಲುಸೀಮೆಯಲ್ಲಿ ಎಳ್ಳು ಬೆಳೆಯುವವರಿಗೆ ಆ ಮಾತು ಸರಿ ಕಾಣುತ್ತದೆ. ಕೊಯ್ಲು ಒಂದು ದಿನ ತಡವಾದರೆ ಅರ್ಧ ಕಾಳು ಹೊಲದಲ್ಲೇ. ಇನ್ನೊಂದನ್ನೂ ಸೇರಿಸಿದ. ಅಲಿಬಾಬಾನ ಕಥೆ ‘ಅರೇಬಿಯನ್ ನೈಟ್ಸ್’ನ ಹಳೆಯ ಅರಬ್ಬಿ ಪ್ರತಿಗಳಲ್ಲಿ ಇಲ್ಲವಂತೆ. ಸಿರಿಯಾದ ಅಲೆಪ್ಪೋ ಊರಿನ ಹನ್ನಾ ದಿಯಾಬ್ ಎಂಬಾತ 1709ರಲ್ಲಿ ಪ್ಯಾರಿಸಿನಲ್ಲಿ ಬಾಯಲ್ಲಿ ಹೇಳಿದ ಕಥೆಯನ್ನು ಗಾಲಾಂ ಎಂಬ ಫ್ರೆಂಚ್ ಪಂಡಿತ ಬರೆದುಕೊಂಡ. ಅಲೆಪ್ಪೋದಿಂದ ಪ್ಯಾರಿಸ್, ಅಲ್ಲಿಂದ ಬೊಂಬಾಯಿ, ತಾಷ್ಕೆಂಟ್, ಕೊನೆಗೆ ದುರ್ಗದ ಟಾಕೀಸು. ಕಥೆ ನಮಗಿಂತ ಜಾಸ್ತಿ ತಿರುಗಿದೆ.

ಎರಡು ರೊಟ್ಟಿ ಕೊಂಡೆವು. ಮಧ್ಯಾಹ್ನ ಊರಾಚೆ ಕೋನಿಗಿಲ್ ಎಂಬ ಹಳ್ಳಿಗೆ ಹೋದೆವು. ಹಿಪ್ಪುನೇರಳೆ ತೊಗಟೆ ಬೇಯಿಸಿ, ನೀರಿನ ಚಕ್ರದಿಂದ ಕುಟ್ಟಿ ಹಳೆಯ ರೀತಿಯಲ್ಲಿ ಕಾಗದ ಮಾಡುತ್ತಾರೆ. ಉಜ್ಬೆಕ್ ಭಾಷೆಯಲ್ಲಿ ಅದಕ್ಕೆ ‘ಕೊಗೋಜ್’. ಪಾರ್ಸಿಯಲ್ಲಿ ಕಾಗಜ್, ನಮ್ಮಲ್ಲಿ ಕಾಗದ. ಕನ್ನಡದಲ್ಲಿ ಪತ್ರ ಬರೆದವರೆಲ್ಲ ಈ ಕಡೆಯ ಪದವನ್ನು ಕೈಯಲ್ಲಿ ಹಿಡಿದವರೇ.

ಐದನೇ ದಿನ: ಬಂಡೆಯ ಮುಂದೆ

ಬುಖಾರಾಕ್ಕೆ ರೈಲು ಬೇಡ, ಕಾರು ಮಾಡೋಣ ಎಂದದ್ದು ನಾನೇ. ಕಾರಣ, ಹೋಟೆಲಿನವರು ಗೊತ್ತು ಮಾಡಿದ ಡ್ರೈವರ್ ‘ಅಲಿಬಾಬಾನ ಕಲ್ಲು ನನಗೆ ಗೊತ್ತು’ ಎಂದಿದ್ದ. ದಾರಿಯಲ್ಲಿ, ನವೋಯಿ ಊರಿನಿಂದ ಸ್ವಲ್ಪ ಒಳಗೆ, ಸರ್ಮಿಶ್‌ಸಾಯ್ ಎಂಬ ಕಣಿವೆಯಲ್ಲಿ.

ರಸ್ತೆ ಜರಾಫ್‌ಶಾನ್ ನದಿಯ ಕಣಿವೆಯಲ್ಲೇ ಸಾಗುತ್ತದೆ. ಹತ್ತಿ ಬಿಡಿಸುವ ಕಾಲ. ಎರಡೂ ಕಡೆ ಬಿಳಿ ಹೊಲ, ರಸ್ತೆ ಬದಿಯಲ್ಲಿ ಹಳದಿ ಕರಬೂಜದ ಗುಡ್ಡೆ. ನದಿಯ ಹೆಸರಿಗೆ ‘ಚಿನ್ನ ಚೆಲ್ಲುವವಳು’ ಎಂದರ್ಥ. ಇಲ್ಲಿಂದ ಉತ್ತರಕ್ಕೆ, ಕಿಜಿಲ್‌ಕುಮ್ ಮರುಭೂಮಿಯಲ್ಲಿ ಮುರುನ್‌ತಾವ್ ಎಂಬ ಗಣಿ ಇದೆ. ತೆರೆದ ಚಿನ್ನದ ಗಣಿಗಳಲ್ಲಿ ಪ್ರಪಂಚಕ್ಕೇ ದೊಡ್ಡವುಗಳಲ್ಲಿ ಒಂದು. ಅಲ್ಲಿ ಚಿನ್ನ ಇದೆ ಎಂದು ಗೊತ್ತಾದದ್ದು 1958ರಲ್ಲಿ. ಮೇಷ್ಟ್ರ ಅಣ್ಣ ಹಟ್ಟಿ ಗಣಿಯಲ್ಲಿ ಕೆಲಸ ಮಾಡಿದವರು. ಹಾಗಾಗಿ ಅವನಿಗೆ ಈ ವಿಷಯ ಬಂದರೆ ನಿಲ್ಲುವುದಿಲ್ಲ. ನಮ್ಮ ಕೋಲಾರದಲ್ಲಿ ಮೂರು ಕಿಲೋಮೀಟರಿಗೂ ಆಳ ಇಳಿದು ಚಿನ್ನ ತೆಗೆದದ್ದು, 2001ರಲ್ಲಿ ಬಾಗಿಲು ಹಾಕಿದ್ದು, ಇಲ್ಲಿ ಬೆಟ್ಟವನ್ನೇ ಬಗೆದು ಬಟ್ಟಲು ಮಾಡಿರುವುದು, ಎಲ್ಲ ಹೇಳಿದ. ‘ಎಲ್ಲಿ ನೋಡಿದರೂ ಒಂದು ಹಿಡಿ ಬಂಗಾರಕ್ಕೆ ಒಂದು ಗುಡ್ಡ ಕಲ್ಲು. ಸಿನಿಮಾದಲ್ಲಿ ಮಾತ್ರ ಪೆಟ್ಟಿಗೆಯಲ್ಲಿ ತುಂಬಿಟ್ಟಿರ್ತಾರೆ.’

ಸರ್ಮಿಶ್‌ಸಾಯ್ ತಲುಪುವ ಮುಂಚೆ ಕಾರಿನಿಂದ ಹೊಗೆ ಬಂತು. ಡ್ರೈವರ್ ಇಳಿದು ಬಾನೆಟ್ ಎತ್ತಿ, ಬಾಟಲಿ ನೀರು ಸುರಿದು, ಒಂದು ಗಂಟೆ ಫೋನಿನಲ್ಲಿ ಯಾರಿಗೋ ಬೈದ. ನಾವು ನೆರಳಿಗೆ ಒಂದು ಗಿಡವೂ ಇಲ್ಲದ ಕಡೆ ಕರಬೂಜ ತಿನ್ನುತ್ತಾ ಕೂತೆವು. ಬಾಬರ್ ಭಾರತಕ್ಕೆ ಬಂದ ಮೇಲೂ ಊರ ಕರಬೂಜ ನೆನೆದು ಅತ್ತನಂತೆ. ತಿಂದ ಮೇಲೆ ಅವನ ಮೇಲೆ ಸ್ವಲ್ಪ ಕನಿಕರ ಬಂತು.

ಕಣಿವೆ ಮಾತ್ರ ಬಹಳ ಚೆನ್ನಾಗಿದೆ. ಕಪ್ಪಗೆ ಹೊಳೆಯುವ ಬಂಡೆಗಳು, ಅವುಗಳ ಮೇಲೆ ಸಾವಿರಾರು ಕೆತ್ತನೆ. ಕೊಂಬಿನ ಟಗರು, ಎತ್ತು, ಬಿಲ್ಲು ಹಿಡಿದ ಮನುಷ್ಯ, ಕುಣಿಯುವ ಸಾಲು. ಕಂಚಿನ ಯುಗದವು, ಇನ್ನೂ ಹಳೆಯವೂ ಇವೆ. ಡ್ರೈವರ್ ನಮ್ಮನ್ನು ಹಳ್ಳದ ದಾರಿಯಲ್ಲಿ ನಡೆಸಿಕೊಂಡು ಹೋಗಿ ಒಂದು ನೆಟ್ಟಗಿನ ಬಂಡೆ ತೋರಿಸಿದ. ‘ಇದೇ.’

ನಾನು ಮೊಬೈಲಿನಲ್ಲಿ ಸಿನಿಮಾದ ಆ ದೃಶ್ಯ ತೆಗೆದು ಹಿಡಿದೆ. ಬಂಡೆ ನೋಡಿದೆ, ಪರದೆ ನೋಡಿದೆ. ಮೇಷ್ಟ್ರು ಬಂಡೆಗೆ ಕೈ ಸವರಿದ, ಬೆರಳಲ್ಲಿ ತಟ್ಟಿದ, ಬಣ್ಣ ನೋಡಿದ. ಸಿನಿಮಾದ ಕಲ್ಲು ಕೆಂಪು, ಇದು ಕಪ್ಪು. ಅದರ ಪಕ್ಕದ ಗುಡ್ಡದ ಸಾಲೇ ಬೇರೆ. ‘ಅಲ್ಲ’ ಎಂದ. ಡ್ರೈವರಿಗೆ ಬೇಜಾರಾಯಿತು. ಅವನಪ್ಪ ಚಿಕ್ಕಂದಿನಲ್ಲಿ ಇಲ್ಲಿಗೆ ಕರೆದುಕೊಂಡು ಬಂದು ಇದನ್ನೇ ತೋರಿಸಿದ್ದನಂತೆ. ಅವನೂ ತನ್ನ ಮಕ್ಕಳಿಗೆ ತೋರಿಸಿದ್ದಾನೆ. ಅವರೆಲ್ಲ ಇದರ ಮುಂದೆ ನಿಂತು ಕೂಗಿದ್ದಾರೆ.

ಅಂದರೆ ಇಲ್ಲೂ ಹುಡುಗರು ಬಂಡೆಗಳ ಮುಂದೆ ಕೂಗಿದ್ದರು! ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಏನಂದುಕೊಂಡನೋ, ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನು ನೆಟ್ಟಗೆ ಮಾಡಿ ಕೂಗಿದ: ‘ಖುಲ್ ಜಾ ಸಿಮ್ ಸಿಮ್!’ ಕಣಿವೆ ‘ಸಿಮ್... ಸಿಮ್...’ ಎಂದಿತು. ಎಲ್ಲೋ ಮೇಲೆ ಒಂದು ಮೇಕೆ ಅರಚಿತು. ಡ್ರೈವರ್ ಚಪ್ಪಾಳೆ ಹೊಡೆದ.

ಆರನೇ ದಿನ: ಬುಖಾರಾ, ಎಮೀರನ ಬಂಗಾರ

ಬುಖಾರಾ ನಮ್ಮ ಕಲ್ಪನೆಯ ಅಲಿಬಾಬಾನ ಊರೇ. ಮಣ್ಣಿನ ಬಣ್ಣದ ಗೋಡೆ, ಇಕ್ಕಟ್ಟು ಗಲ್ಲಿ, ಕೆತ್ತನೆ ಬಾಗಿಲು. ಎದ್ದು ಕಾಣುವುದು ಕಲ್ಯಾಣ್ ಮಿನಾರು. 1127ರಲ್ಲಿ ಕಟ್ಟಿದ್ದು, ಸುಮಾರು 46 ಮೀಟರ್ ಎತ್ತರ. 1220ರಲ್ಲಿ ಚೆಂಗೀಸ್ ಖಾನ್ ಊರನ್ನೆಲ್ಲ ಸುಟ್ಟರೂ ಇದನ್ನು ಬಿಟ್ಟ. ‘ಕಲ್ಯಾಣ್’ ಅಂದ ಕೂಡಲೇ ಬಸವಕಲ್ಯಾಣ ನೆನಪಾಗಿ ಮೇಷ್ಟ್ರು ಹಿಗ್ಗಿದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಪಾರ್ಸಿಯಲ್ಲಿ ದೊಡ್ಡದು ಎಂದು ಅರ್ಥ. ಒಂದು ಸಲವಾದರೂ ಅವನನ್ನು ತಿದ್ದಿದ ಖುಷಿ ನನಗೆ.

ಬಜಾರಿನ ಗುಮ್ಮಟಗಳಿಗೆ ಕಸುಬಿನ ಹೆಸರು. ಟೋಪಿ ಮಾರುವವರದ್ದು ಒಂದು, ಅಕ್ಕಸಾಲಿಗರದ್ದು ಒಂದು, ಅದು ತೋಕಿ ಜರ್ಗರೋನ್. ಇನ್ನೊಂದು ತೋಕಿ ಸರ್ರಾಫೋನ್, ಹಣ ಬದಲಿಸುವವರ ಗುಮ್ಮಟ. ಸರ್ರಾಫ್ ಅಂದರೆ ನಮ್ಮ ಶರಾಫ. ಊರಿನ ಬ್ಯಾಂಕಿನಲ್ಲಿ ಒಡವೆ ಅಡವಿಡಲು ಹೋದರೆ ಉಜ್ಜಿ ನೋಡುತ್ತಾರಲ್ಲ, ಅವರೇ. ಒಂದು ಕಾಲಕ್ಕೆ ಮುಲ್ತಾನಿನಿಂದ ಬಂದ ಹಿಂದೂ ವ್ಯಾಪಾರಿಗಳು ಬುಖಾರಾದಲ್ಲಿ ಲೇವಾದೇವಿ ನಡೆಸುತ್ತಿದ್ದರು. ಸಿನಿಮಾದಲ್ಲಿ ಅಲಿಬಾಬಾ ಅಪ್ಪನನ್ನು ಹುಡುಕಿಕೊಂಡು ಹಿಂದೂಸ್ತಾನಕ್ಕೆ ಹೋಗಿ ಮರ್ಜೀನಾಳ ಜೊತೆ ವಾಪಸ್ ಬರುತ್ತಾನೆ. ನಾನು ಅದನ್ನು ಹೇಮಾಮಾಲಿನಿಗೆ ಪಾತ್ರ ಕೊಡಲು ಮಾಡಿದ ತಿರುವು ಎಂದುಕೊಂಡಿದ್ದೆ. ಇಲ್ಲಿ ನಿಂತರೆ ಆ ದಾರಿ ದಿನಬಳಕೆಯದು ಅನ್ನಿಸುತ್ತದೆ.

ಈ ಊರಿನ ದೊಡ್ಡ ನಿಧಿ ಕಥೆ ಸಿನಿಮಾದ್ದಲ್ಲ. ಆರ್ಕ್ ಎಂಬ ಕೋಟೆಯ ಮುಂದೆ ಒಬ್ಬ ಮುದುಕರು ಹೇಳಿದರು. ಬುಖಾರಾದ ಕೊನೆಯ ಎಮೀರ್ ಆಲಿಮ್ ಖಾನ್. 1920ರ ಸೆಪ್ಟೆಂಬರ್‌ನಲ್ಲಿ ಬೋಲ್ಶೆವಿಕ್ ಸೇನಾಪತಿ ಫ್ರುಂಜೆಯ ಕೆಂಪು ಸೇನೆ ಊರಿಗೆ ಬಾಂಬ್ ಹಾಕಿತು. ಕೋಟೆ ಹೊತ್ತಿ ಉರಿಯಿತು. ಎಮೀರ್ ಪೂರ್ವದ ಬೆಟ್ಟಗಳ ಕಡೆ ಓಡಿ, ಮುಂದೆ ಕಾಬೂಲ್ ಸೇರಿ, 1944ರಲ್ಲಿ ಅಲ್ಲೇ ತೀರಿಕೊಂಡ. ಇದು ಚರಿತ್ರೆ. ಇದರ ಮೇಲೆ ಜನ ಕಟ್ಟಿದ ಮಾತು ಹೀಗಿದೆ: ಓಡುವ ಮುಂಚೆ ಹತ್ತು ಟನ್ ಬಂಗಾರವನ್ನು ಕುದುರೆಗಳ ಮೇಲೆ ಹೇರಿ ಹಿಸ್ಸಾರ್ ಬೆಟ್ಟಗಳ ಒಂದು ಗುಹೆಗೆ ಕಳಿಸಿದ. ಹೂತು ಬಂದವರನ್ನು ಕಾವಲಿನವರು ಕೊಂದರು. ಕಾವಲಿನವರನ್ನು ಇನ್ನೊಬ್ಬ ಕೊಂದ. ಅವನನ್ನೂ ಮತ್ತೊಬ್ಬ. ಕೊನೆಗೆ ಜಾಗ ಗೊತ್ತಿದ್ದವರು ಯಾರೂ ಉಳಿಯಲಿಲ್ಲ.

‘ಹುಡುಕಿದರೇ?’ ಎಂದು ಕೇಳಿದೆ. ಮುದುಕರು ಕೋಟೆ ಗೋಡೆಗೆ ಒರಗಿ ನಕ್ಕರು. ಇನ್ನೂ ಹುಡುಕುತ್ತಿದ್ದಾರಂತೆ.

ಲ್ಯಾಬಿ ಹೌಜ್ ಕೊಳದ ಪಕ್ಕ, ಹಳೆಯ ಹಿಪ್ಪುನೇರಳೆ ಮರದ ಕೆಳಗೆ ಚಹಾ ಕುಡಿದೆವು. ಕತ್ತೆ ಮೇಲೆ ಕೂತ ನಸ್ರುದ್ದೀನನ ಪ್ರತಿಮೆಯ ಜೊತೆ ಫೋಟೋ ತೆಗೆಸಿಕೊಳ್ಳಲು ಮಕ್ಕಳ ಸಾಲು. ಮೇಷ್ಟ್ರಿಗೆ ಕುಂಬಳಕಾಯಿ ಸೋಮ್ಸಾ ಸಿಕ್ಕಿತು. ಆರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬಿದ ಮುಖ. ಇಲ್ಲಿ ಬರೀ ಅನ್ನ ಎಂದು ಕೊಟ್ಟದ್ದರಲ್ಲೂ ಕುರಿಯ ಕೊಬ್ಬು ಇರುತ್ತದೆ. ಸಸ್ಯಾಹಾರಿಗಳು ಚಟ್ನಿಪುಡಿ ಜಾಸ್ತಿ ಇಟ್ಟುಕೊಂಡು ಹೋಗಿ.

ಏಳನೇ ದಿನ: ಕೊನೆಯ ರಾತ್ರಿ

ಬೆಳಿಗ್ಗೆ ಎಮೀರನ ಬೇಸಿಗೆ ಅರಮನೆ ಸಿತೋರಾಯಿ ಮೊಹಿ ಖೋಸಾಗೆ ಹೋದೆವು. ಕನ್ನಡಿಯ ಮೇಲೆ ಬಿಳಿ ಗಾರೆಯ ಜಾಲರಿ, ಅಂಗಳದಲ್ಲಿ ನವಿಲು. ಒಂದು ಗಂಟೆ ಸಾಕು.

ಉಳಿದ ದಿನ ಮಲಗಿದೆವು. ಸಂಜೆ ನಮ್ಮ ಅತಿಥಿಗೃಹದ ಅಮ್ಮನಿಗೆ ನಾವು ಬಂದ ಕಾರಣ ತಿಳಿಯಿತು. ‘ಮೊದಲೇ ಹೇಳಬಾರದಾ!’ ಎಂದು ಮಗನನ್ನು ಕೂಗಿ ಟಿವಿಗೆ ಸಿನಿಮಾ ಹಾಕಿಸಿದರು. ರಷ್ಯನ್ ಭಾಷೆಯಲ್ಲಿ. ಮೇಜಿನ ಮೇಲೆ ದ್ರಾಕ್ಷಿ, ವಾಲ್‌ನಟ್, ಹಸಿರು ಚಹಾ. ಮನೆಯವರು, ಪಕ್ಕದ ಮನೆಯವರು, ಎರಡು ಮಕ್ಕಳು. ಧರ್ಮೇಂದ್ರ ರಷ್ಯನ್‌ನಲ್ಲಿ ಮಾತಾಡುವುದನ್ನು ಕೇಳಿ ನಾವು ನಕ್ಕರೆ, ಅವನ ನಿಜವಾದ ದನಿ ಕೇಳಿಸಿದಾಗ ಅವರು ನಕ್ಕರು. ಅವರ ಪಾಲಿಗೆ ಅದೇ ಡಬ್ಬಿಂಗ್.

ಅಮ್ಮನಿಗೆ ಮಾತುಗಳೆಲ್ಲ ಬಾಯಿಪಾಠ. ಪಾತ್ರ ಬಾಯಿ ತೆರೆಯುವ ಮುಂಚೆ ಇವರು ಹೇಳಿ ಮುಗಿಸುತ್ತಿದ್ದರು. ಗುಹೆಯ ದೃಶ್ಯ ಬಂತು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ರಷ್ಯನ್‌ನಲ್ಲಿ ಕೂಗಿದರು. ನಾನು ಹಿಂದಿಯಲ್ಲಿ. ಮೇಷ್ಟ್ರು ಮಾತ್ರ ಎದ್ದು ಟಿವಿ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡ. ‘ಈ ಬಾಗಿಲಿನ ಅಂಚು ನೋಡು. ಕಲ್ಲಾಗಿದ್ರೆ ಹೀಗೆ ಸರಿಯಲ್ಲ. ಪ್ಲೈವುಡ್ಡು.’ ನಾನು ಅದನ್ನು ಯಾರಿಗೂ ಅನುವಾದ ಮಾಡಿ ಹೇಳಲಿಲ್ಲ.

ಮಲಗಿದ್ದು ರಾತ್ರಿ ಒಂದೂವರೆಗೆ. ಬೆಳಿಗ್ಗೆಯ ತಾಷ್ಕೆಂಟ್ ರೈಲು ತಪ್ಪುವುದರಲ್ಲಿತ್ತು. ಚೀಲ ಎಳೆದುಕೊಂಡು ಓಡುತ್ತಿದ್ದವರನ್ನು ಅಮ್ಮ ಬಾಗಿಲಲ್ಲಿ ತಡೆದು, ಒಂದು ದೊಡ್ಡ ಎಳ್ಳಿನ ರೊಟ್ಟಿ ಹಿಡಿದರು. ಕಚ್ಚಬೇಕು, ಒಂದೇ ತುತ್ತು. ದೂರ ಹೋಗುವವರು ಹೀಗೆ ಕಚ್ಚಿ ಹೋದರೆ ಉಳಿದ ರೊಟ್ಟಿಯನ್ನು ಅವರು ವಾಪಸ್ ಬರುವವರೆಗೆ ಎತ್ತಿಡುವುದು ಇಲ್ಲಿನ ಪದ್ಧತಿ. ನಾನು ಕಚ್ಚಿದೆ. ಮೇಷ್ಟ್ರು ರೊಟ್ಟಿಯನ್ನು ತಿರುಗಿಸಿ ಹೊಳೆಯುವ ಮೇಲ್ಭಾಗ ನೋಡಿ, ನನ್ನ ಕಿವಿಯಲ್ಲಿ ಕೇಳಿದ: ‘ಇದಕ್ಕೆ ಮೊಟ್ಟೆ ಸವರಿದಾರಾ, ವಿಚಾರಿಸೋ.’

‘ಇಲ್ಲ, ಬರೀ ಎಳ್ಳು’ ಎಂದೆ. ನನಗೆ ಗೊತ್ತಿರಲಿಲ್ಲ. ಅವನು ದೊಡ್ಡ ತುತ್ತೇ ಕಚ್ಚಿದ.